ರೀಬೇಸ್‌ಗೆ ಮುಂಚೆ ಒಂದು ಫೋಲ್ಡರ್ ಕಾಪಿ

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಗೆ ಒಂದು ದಿನ ರೀಬೇಸ್, ಅಂದರೆ ತಾನು ಮಾಡಿದ ಬದಲಾವಣೆಗಳನ್ನು ಬೇರೆಯವರ ಹೊಸ ಕೋಡಿನ ಮೇಲೆ ಮತ್ತೆ ಕೂರಿಸುವ ಕೆಲಸ ಬಂತು. ನಾನು ಪಕ್ಕದಲ್ಲೇ ಕೂತಿದ್ದೆ. ಟರ್ಮಿನಲ್ ತೆರೆದಳು. ಕಮಾಂಡ್ ಟೈಪ್ ಮಾಡಲು ಹೋಗಿ ಕೈ ತಡೆದಳು. ಆಮೇಲೆ ಫೈಲ್ ಮ್ಯಾನೇಜರ್‌ಗೆ ಹೋಗಿ ಇಡೀ ಪ್ರಾಜೆಕ್ಟ್ ಫೋಲ್ಡರನ್ನು ಕಾಪಿ ಮಾಡಿ ಪಕ್ಕದಲ್ಲೇ ಪೇಸ್ಟ್ ಮಾಡಿದಳು. ಹೆಸರು ಬ್ಯಾಕಪ್-3. ಒಂದು ಮತ್ತು ಎರಡು ಆಗಲೇ ಅಲ್ಲಿದ್ದವು.

"ಇದ್ಯಾಕೆ?" ಅಂದೆ.

"ಸುಮ್ನೆ ಸರ್, ಸೇಫ್ಟಿಗೆ."

ನಗು ಬಂತು, ಆದರೆ ನಗುವ ಯೋಗ್ಯತೆ ನನಗಿರಲಿಲ್ಲ. ನಾನೂ ಅದನ್ನೇ ಮಾಡುತ್ತೇನೆ. ನನ್ನದು ಸ್ವಲ್ಪ ನಾಜೂಕು ಅಷ್ಟೆ. ಫೋಲ್ಡರ್ ಬದಲು ಒಂದು ಬ್ರಾಂಚ್, ಅಂದರೆ ಕೋಡಿನ ಒಂದು ಕವಲು ಮಾಡಿ ಅದಕ್ಕೆ 'ಹಳೇದು-ಮುಟ್ಬೇಡ' ಅಂತ ಹೆಸರಿಟ್ಟು, ಆಮೇಲೆ ರೀಬೇಸ್‌ಗೆ ಕೈ ಹಾಕುತ್ತೇನೆ.

ಇದೆಲ್ಲ ಗಿಟ್ ಅನ್ನುವ ಟೂಲ್‌ಗಾಗಿ. ಕೋಡಿನ ಹಳೆಯ ಪ್ರತಿಗಳನ್ನು ಜೋಪಾನ ಮಾಡುವುದೇ ಗಿಟ್‌ನ ಕೆಲಸ. ಅದನ್ನು ಬಳಸುವ ಮುಂಚೆ, ಅದರಿಂದಲೇ ಕಾಪಾಡಿಕೊಳ್ಳಲು ನಾವು ಇನ್ನೊಂದು ಪ್ರತಿ ಎತ್ತಿಟ್ಟುಕೊಳ್ಳುತ್ತೇವೆ. ಬೇಲಿಯೇ ಎದ್ದು ಹೊಲ ಮೇಯುತ್ತದೆ ಅಂತ ನಾನು ಹೇಳುತ್ತಿಲ್ಲ. ಒಮ್ಮೆ ಕಮಿಟ್ ಆದದ್ದನ್ನು, ಅಂದರೆ ದಾಖಲಾದ ಪ್ರತಿಯನ್ನು, ಗಿಟ್ ಅಷ್ಟು ಸುಲಭಕ್ಕೆ ಕಳೆಯುವುದಿಲ್ಲ. ಆದರೆ ಎಲ್ಲಿ ಮೇದುಬಿಡುತ್ತದೋ ಅನ್ನುವ ಭಯ ಇದೆಯಲ್ಲ, ಅದು ಇಪ್ಪತ್ತು ವರ್ಷವಾದರೂ ಹೋಗಿಲ್ಲ.

ಗಿಟ್ ಅನ್ನು ರಿಪೇರಿ ಮಾಡುತ್ತಾ ಹೋಗಬೇಕಾ, ಎತ್ತಿಟ್ಟು ಬೇರೆ ತರಬೇಕಾ ಅನ್ನುವ ಜಗಳ ಡೆವಲಪರ್‌ಗಳ ನಡುವೆ ಆಗಾಗ ಏಳುತ್ತದೆ. ನಾನು ಎರಡೂ ಕಡೆ ನಿಂತು ವಾದ ಮಾಡಿದವನು. ಈಗ ನನಗೆ ಕಾಣುವುದು ಇಷ್ಟು. ಗಿಟ್ ಅನ್ನುವ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಒಳಗೆ ಪ್ರತಿಗಳನ್ನು ಇಡುವ ಒಂದು ಉಗ್ರಾಣ ಇದೆ, ಮುಂದೆ ನಾವು ಕಮಾಂಡ್ ಕೊಡುವ ಒಂದು ಕೌಂಟರ್ ಇದೆ. ಉಗ್ರಾಣ ಗಟ್ಟಿಯಾಗಿದೆ. ತೊಂದರೆ ಹೆಚ್ಚಿನದು ಕೌಂಟರ್‌ನಲ್ಲಿ. ಉಗ್ರಾಣ ಸಮೇತ ಕೆಡವಲು ಹೊರಟವರು ಒಳ್ಳೆಯ ಟೂಲ್ ಮಾಡಿಯೂ ಸೋತರು. ಕೌಂಟರ್ ಒಂದನ್ನೇ ಬದಲಿಸೋಣ ಅಂದವರಿಗೆ ಈಗ ನಿಧಾನಕ್ಕೆ ಜನ ಸೇರುತ್ತಿದ್ದಾರೆ.

ಹೀಗೆ ಎರಡಾಗಿದ್ದು ಗಿಟ್ ಹುಟ್ಟಿದ ರೀತಿಯಿಂದಲೇ. ಲಿನಕ್ಸ್ ಕರ್ನಲ್‌ನವರು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು ಕಟ್ಟುವವರು) 2002ರಿಂದ ಇದೇ ಕೆಲಸಕ್ಕೆ ಬಿಟ್‌ಕೀಪರ್ ಅನ್ನುವ ಖಾಸಗಿ ಟೂಲ್ ಬಳಸುತ್ತಿದ್ದರು. ಅವರಿಗೆ ಬಿಟ್ಟಿಯಾಗಿ ಕೊಟ್ಟಿದ್ದ ಅನುಮತಿ 2005ರಲ್ಲಿ ವಾಪಸ್ ಹೋಯಿತು. ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಕರ್ನಲ್ ಬದಿಗಿಟ್ಟು ಬದಲಿ ಟೂಲ್ ಕಟ್ಟಲು ಕೂತರು. ಏಪ್ರಿಲ್ 7ಕ್ಕೆ ಗಿಟ್‌ನ ಮೊದಲ ಕಮಿಟ್ ಬಿತ್ತು. ಜೂನ್‌ನಲ್ಲಿ ಬಂದ ಕರ್ನಲ್ 2.6.12 ಗಿಟ್‌ನಲ್ಲೇ ತಯಾರಾಯಿತು. ಜುಲೈನಲ್ಲಿ ಉಸ್ತುವಾರಿಯನ್ನು ಜುನಿಯೊ ಹಮಾನೊ ಅವರ ಕೈಗೆ ಕೊಟ್ಟು ಲಿನಸ್ ತಮ್ಮ ಕರ್ನಲ್‌ಗೆ ಮರಳಿದರು. ಆ ಉಸ್ತುವಾರಿ ಆಮೇಲೂ ಹಮಾನೊ ಅವರ ಹತ್ತಿರವೇ ಉಳಿಯಿತು.

ಆ ಮೊದಲ ತಿಂಗಳುಗಳಲ್ಲಿ ಕಟ್ಟಿದ್ದು ಮುಖ್ಯವಾಗಿ ಉಗ್ರಾಣ. ಆಗಿನ ಗಿಟ್ ವರ್ಷನ್ ಕಂಟ್ರೋಲ್ (ಕೋಡಿನ ಪ್ರತಿಗಳ ಲೆಕ್ಕ ಇಡುವ ಟೂಲ್) ಅನ್ನುವುದಕ್ಕಿಂತ ಒಂದು ಫೈಲ್ ಸಿಸ್ಟಮ್‌ಗೆ ಹತ್ತಿರ ಇತ್ತು. ಜನ ದಿನಾ ಬಳಸುವ ಕಮಾಂಡ್‌ಗಳನ್ನು ಬೇರೆಯವರು ಮೇಲೆ ಕಟ್ಟಿಕೊಳ್ಳಲಿ ಅನ್ನುವುದು ಲೆಕ್ಕ. ಕಾಜಿಟೊ ಅಂತ ಒಂದು ಮೇಲ್ಪದರ ಇತ್ತು ಕೂಡ, ಆರಂಭದಲ್ಲಿ ಅದನ್ನು ಬಳಸುವವರು ತುಂಬಾ ಇದ್ದರು. ಆಮೇಲೆ ಗಿಟ್‌ನ ಸ್ವಂತ ಕಮಾಂಡ್‌ಗಳು ಬೆಳೆದವು, ಕಾಜಿಟೊ ನಿಂತುಹೋಯಿತು. ಗಿಟ್ ಮಂದಿ ಈ ಎರಡು ಪದರಗಳನ್ನು ಪ್ಲಂಬಿಂಗ್ ಮತ್ತು ಪೋರ್ಸೆಲಿನ್ ಅಂತ ಕರೆಯುತ್ತಾರೆ. ಗೋಡೆಯೊಳಗಿನ ಪೈಪು ಒಂದು, ಹೊರಗೆ ಕಾಣುವ ಕಮೋಡು ಇನ್ನೊಂದು. ಹೋಲಿಕೆ ತಮಾಷೆಯದು, ಆದರೆ ಸತ್ಯ. ಪೈಪನ್ನು ಒಬ್ಬರು ಯೋಚಿಸಿ ಹಾಕಿದರು. ಕಮೋಡನ್ನು ಮಾತ್ರ ಬಂದಬಂದವರೆಲ್ಲ ತಮಗೆ ಬೇಕಾದ ಹಾಗೆ ಕೂರಿಸಿದರು.

ಉಗ್ರಾಣ ಎಷ್ಟು ಚೆನ್ನಾಗಿದೆ ಅಂತ ನೋಡಬೇಕಾದರೆ ಒಂದು ಖಾಲಿ ಫೈಲ್ ಸಾಕು. ಒಳಗೆ ಒಂದಕ್ಷರವೂ ಇಲ್ಲದ ಫೈಲನ್ನು ಗಿಟ್‌ಗೆ ಸೇರಿಸಿ, ಅದರ ಹ್ಯಾಶ್, ಅಂದರೆ ಗಿಟ್ ಲೆಕ್ಕ ಹಾಕಿ ಕೊಡುವ ಗುರುತಿನ ಸಂಖ್ಯೆ ನೋಡಿ. ಇ69ಡಿಇ29 ಅಂತ ಶುರುವಾಗುತ್ತದೆ. ಯಾರ ಕಂಪ್ಯೂಟರ್ ಆದರೂ, ಫೈಲ್‌ಗೆ ಏನೇ ಹೆಸರಿಟ್ಟರೂ, ಯಾವ ವರ್ಷ ಮಾಡಿದರೂ ಅದೇ ಸಂಖ್ಯೆ. ಗಿಟ್ ವಸ್ತುವನ್ನು ಹೆಸರಿನಿಂದ ಗುರುತಿಸುವುದಿಲ್ಲ, ಒಳಗಿರುವುದರಿಂದ ಗುರುತಿಸುತ್ತದೆ. ಫೈಲ್‌ಗಳ ಹ್ಯಾಶ್ ಸೇರಿ ಫೋಲ್ಡರ್‌ನ ಹ್ಯಾಶ್. ಅದರ ಜೊತೆ ಹಿಂದಿನ ಕಮಿಟ್‌ನ ಹ್ಯಾಶ್, ಬರೆದವರ ಹೆಸರು, ಹೊತ್ತು ಸೇರಿ ಹೊಸ ಕಮಿಟ್‌ನ ಹ್ಯಾಶ್. ಹತ್ತು ವರ್ಷ ಹಿಂದಿನ ಕಮಿಟ್‌ನಲ್ಲಿ ಯಾರಾದರೂ ಒಂದು ಕಾಮಾ ತೆಗೆದರೆ ಅಲ್ಲಿಂದ ಇಲ್ಲಿಯವರೆಗೆ ಎಲ್ಲ ಸಂಖ್ಯೆಗಳೂ ಬದಲಾಗುತ್ತವೆ. ಕದ್ದುಮುಚ್ಚಿ ತಿದ್ದಲು ದಾರಿಯೇ ಇಲ್ಲ. ಇಷ್ಟು ಸಣ್ಣ ಉಪಾಯದಿಂದ ಇಷ್ಟು ದೊಡ್ಡ ಕೆಲಸ ಮಾಡಿಸಿದ ಟೂಲ್ ನಾನು ಬೇರೆ ನೋಡಿಲ್ಲ.

ಈಗ ಕೌಂಟರ್‌ಗೆ ಬನ್ನಿ.

ಒಂದು ಸಂಜೆ ಬೆಳಗ್ಗಿನಿಂದ ಮಾಡಿದ ಕೆಲಸದಲ್ಲಿ ಒಂದು ಫೈಲ್ ಮಾತ್ರ ಹಳೆಯ ಸ್ಥಿತಿಗೆ ಬೇಕಿತ್ತು. ಗಿಟ್ ಚೆಕ್‌ಔಟ್ ಅಂತ ಟೈಪ್ ಮಾಡಿದೆ. ಫೈಲ್ ಹೆಸರು ಬರೆಯಬೇಕಾದ ಕಡೆ ಬೆರಳು ಒಂದು ಚುಕ್ಕಿ ಒತ್ತಿ ಎಂಟರ್ ಒತ್ತಿತು. ಚುಕ್ಕಿ ಅಂದರೆ ಈ ಫೋಲ್ಡರ್ ಪೂರ್ತಿ. ಗಿಟ್ ಏನೂ ಕೇಳಲಿಲ್ಲ. ಇಷ್ಟು ಫೈಲ್ ಸರಿಪಡಿಸಿದೆ ಅಂತ ಒಂದು ಸಾಲು ಹೇಳಿ ಸುಮ್ಮನಾಯಿತು. ಅದು ಸರಿಪಡಿಸಿದ್ದು ಅಂದರೆ ನನ್ನ ಒಂದು ದಿನದ ಕೆಲಸ ಒರೆಸಿದ್ದು. ಕಮಿಟ್ ಮಾಡಿದ್ದರೆ ರೆಫ್‌ಲಾಗ್ ಅನ್ನುವ ಗಿಟ್‌ನ ದಾಖಲೆಯಲ್ಲಿ ಹುಡುಕಬಹುದಿತ್ತು, ಅಲ್ಲಿ ಮಾಮೂಲಿಯಾಗಿ ಒಂದು ತಿಂಗಳಾದರೂ ಸಿಗುತ್ತದೆ. ಕಮಿಟ್‌ಗೆ ಮುಂಚಿನ ಹೆಜ್ಜೆಯಾದ ಆ್ಯಡ್ ಮಾಡಿದ್ದರೂ ಉಗ್ರಾಣದ ಮೂಲೆಯಲ್ಲಿ ಎಲ್ಲೋ ಬಿದ್ದಿರುತ್ತಿತ್ತು. ನಾನು ಎರಡೂ ಮಾಡಿರಲಿಲ್ಲ. ಎಡಿಟರ್‌ನಲ್ಲಿ ತೆರೆದೇ ಇದ್ದ ಎರಡು ಫೈಲ್‌ಗಳಲ್ಲಿ ಅನ್‌ಡೂ ಒತ್ತಿ ಒತ್ತಿ ಸ್ವಲ್ಪ ವಾಪಸ್ ಪಡೆದೆ. ಉಳಿದದ್ದನ್ನು ರಾತ್ರಿ ಕೂತು ಮತ್ತೆ ಬರೆದೆ.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ನೋಡಿ, ಬ್ರಾಂಚ್ ಬದಲಿಸುವ ಕಮಾಂಡ್ ಕೂಡ ಚೆಕ್‌ಔಟ್. ಮಾಡಿದ ಕೆಲಸವನ್ನು ಎಸೆಯುವ ಕಮಾಂಡ್ ಕೂಡ ಚೆಕ್‌ಔಟ್. ಬ್ರಾಂಚ್ ಬದಲಿಸುವಾಗ ಕೆಲಸ ಹಾಳಾಗುವಂತಿದ್ದರೆ ಅದು ತಡೆದು ನಿಲ್ಲಿಸುತ್ತದೆ. ಎಸೆಯುವಾಗ ಒಂದು ಮಾತೂ ಇಲ್ಲ. ದಿನಕ್ಕೆ ಹತ್ತು ಸಲ ಒತ್ತುವ ಸ್ವಿಚ್ಚಿಗೂ ಮನೆ ಸುಡುವ ಸ್ವಿಚ್ಚಿಗೂ ಒಂದೇ ಬಣ್ಣ ಹೊಡೆದ ಹಾಗೆ.

ಗಿಟ್ ಕಟ್ಟುವವರಿಗೆ ಇದು ಗೊತ್ತಿಲ್ಲ ಅಂತಲ್ಲ. 2019ರ ಆಗಸ್ಟ್‌ನಲ್ಲಿ ಬಂದ ಗಿಟ್ 2.23 ಆವೃತ್ತಿಯಲ್ಲಿ ಇದನ್ನು ಎರಡಾಗಿ ಒಡೆದರು. ಬ್ರಾಂಚ್ ಬದಲಿಸಲು ಸ್ವಿಚ್, ಫೈಲ್ ಹಿಂದಕ್ಕೆ ತರಲು ರಿಸ್ಟೋರ್. ಒಳ್ಳೆಯ ಹೆಸರುಗಳು. ಆದರೆ ಚೆಕ್‌ಔಟ್ ಹಾಗೇ ಉಳಿಯಿತು. ತೆಗೆಯಲು ಆಗುವುದಿಲ್ಲ. ಲೆಕ್ಕವಿಲ್ಲದಷ್ಟು ಸ್ಕ್ರಿಪ್ಟ್‌ಗಳು, ಪಾಠಗಳು, ನನ್ನಂಥವರ ಬೆರಳುಗಳು ಅದಕ್ಕೆ ಒಗ್ಗಿವೆ. ನನ್ನ ಆ ಸಂಜೆ ಕೂಡ 2019ರ ನಂತರದ್ದೇ. ರಿಸ್ಟೋರ್ ಅನ್ನುವುದು ಮಷೀನಿನಲ್ಲಿತ್ತು, ಕೈಯಲ್ಲಿರಲಿಲ್ಲ.

ಇನ್ನೊಂದು ಉದಾಹರಣೆ ಹೇಳದೆ ಇರಲಾರೆ. ಎರಡು ಬ್ರಾಂಚ್ ಸೇರಿಸುವ ಮರ್ಜ್ ಮಾಡುವಾಗ ಕಾನ್‌ಫ್ಲಿಕ್ಟ್ ಬಂದರೆ, ಅಂದರೆ ಎರಡೂ ಕಡೆ ಒಂದೇ ಜಾಗವನ್ನು ತಿದ್ದಿದ್ದರೆ, 'ನಮ್ಮದು' ಬೇಕಾ 'ಅವರದು' ಬೇಕಾ ಅಂತ ಆರಿಸಬಹುದು. ನಮ್ಮದು ಅಂದರೆ ನನ್ನ ಬ್ರಾಂಚ್. ಸರಿ. ಅದೇ ರೀಬೇಸ್ ಮಾಡುವಾಗ ಕಾನ್‌ಫ್ಲಿಕ್ಟ್ ಬಂದರೆ 'ನಮ್ಮದು' ಅಂದರೆ ಬೇರೆಯವರದು, 'ಅವರದು' ಅಂದರೆ ನನ್ನದು! ತಲೆಕೆಳಗು. ಯಾಕೆ ಅಂತ ಕೇಳಿದರೆ ಕಾರಣ ಇದೆ. ರೀಬೇಸ್ ಅಂದರೆ ಗಿಟ್ ಆ ಕಡೆಯ ಬ್ರಾಂಚಿನ ತುದಿಗೆ ಹೋಗಿ ನಿಂತು, ನನ್ನ ಕಮಿಟ್‌ಗಳನ್ನು ಒಂದೊಂದಾಗಿ ಅಲ್ಲಿಗೆ ಎಳೆದುಕೊಳ್ಳುವುದು. ನಿಂತ ಜಾಗ ನಮ್ಮದು, ಬರುತ್ತಿರುವುದು ಅವರದು. ಉಗ್ರಾಣದ ಒಳಗೆ ನಿಂತವರಿಗೆ ಇದು ಸರಿಯಾದ ಲೆಕ್ಕ. ಕೌಂಟರ್ ಈಚೆ ನಿಂತವನಿಗೆ ತಲೆಚಿಟ್ಟು. ಗಿಟ್‌ನ ಮುಕ್ಕಾಲು ಗೋಳು ಇದೇ ಜಾತಿಯದು. ಒಳಗಿನ ಸತ್ಯವನ್ನು ತಂದು ಹಾಗೇ ಮೇಜಿನ ಮೇಲೆ ಸುರಿಯುತ್ತಾರೆ.

ಹಾಗಿದ್ದರೆ ಬೇರೆ ತರೋಣ ಅಂತ ಹೊರಟವರ ಕಥೆ ಏನಾಯಿತು? ನನಗೆ ಜಾಸ್ತಿ ಬೇಜಾರಾಗುವುದು ಮರ್ಕ್ಯುರಿಯಲ್ ಅನ್ನುವ ಟೂಲ್ ವಿಷಯದಲ್ಲಿ. ಗಿಟ್ ಹುಟ್ಟಿದ ತಿಂಗಳಲ್ಲೇ, ಅದೇ ಬಿಟ್‌ಕೀಪರ್ ಗಲಾಟೆಯಿಂದಲೇ ಮ್ಯಾಟ್ ಮ್ಯಾಕಲ್ ಅದನ್ನು ಶುರು ಮಾಡಿದರು. ಒಂದೇ ಮಳೆಗೆ ಮೊಳೆತ ಎರಡು ಬೀಜ. ನಾನು ಮೊದಲು ಕಲಿತದ್ದು ಮರ್ಕ್ಯುರಿಯಲ್ಲೇ. ಕಮಾಂಡ್‌ಗಳು ಕಡಿಮೆ, ಹೆಸರು ನೋಡಿದರೆ ಕೆಲಸ ಗೊತ್ತಾಗುತ್ತಿತ್ತು. ಫೇಸ್‌ಬುಕ್‌ನಂಥ ಕಂಪನಿ ತನ್ನ ದೊಡ್ಡ ರೆಪೊಗೆ (ಕೋಡ್ ಮತ್ತು ಅದರ ಚರಿತ್ರೆಯ ಸಂಗ್ರಹಕ್ಕೆ) ಅದನ್ನು ಆರಿಸಿಕೊಂಡಿತ್ತು. ಆದರೆ ಜನ ಗಿಟ್ ರೆಪೊಗಳನ್ನು ಇಡುವ ಗಿಟ್‌ಹಬ್ ಸೈಟ್ ಇದ್ದ ಕಡೆ ಹೋದರು. 2008ರಲ್ಲಿ ಶುರುವಾದ ಗಿಟ್‌ಹಬ್ ಬರೀ ಸರ್ವರ್ ಆಗಿ ಉಳಿಯಲಿಲ್ಲ, ಎಲ್ಲರೂ ಸೇರುವ ಜಗಲಿಯಾಯಿತು. ಪೈಥಾನ್ ಭಾಷೆಯ ಕೋಡ್ 2017ರಲ್ಲಿ ಮರ್ಕ್ಯುರಿಯಲ್ ಬಿಟ್ಟು ಅಲ್ಲಿಗೆ ಹೋಯಿತು. ಅಂಥದ್ದೇ ಇನ್ನೊಂದು ಸೈಟ್ ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ ನಿಲ್ಲಿಸಿತು. 2025ರಲ್ಲಿ ಫೈರ್‌ಫಾಕ್ಸ್ ಕೂಡ ಗಿಟ್‌ಗೆ ಬಂತು. ಟೂಲ್ ಕೆಟ್ಟದಾಗಿದ್ದಕ್ಕೆ ಯಾರೂ ಬಿಡಲಿಲ್ಲ. ಜೊತೆಯವರೆಲ್ಲ ಬೇರೆ ಕಡೆ ಇದ್ದರು, ಅಷ್ಟೆ.

ಡಾರ್ಕ್ಸ್, ಅದರ ದಾರಿಯಲ್ಲೇ ಬಂದ ಪಿಹುಲ್, ಇವುಗಳ ಯೋಚನೆಯೇ ಬೇರೆ. ಗಿಟ್ ಪ್ರತಿ ಕಮಿಟ್‌ನಲ್ಲಿ ಇಡೀ ಪ್ರಾಜೆಕ್ಟ್‌ನ ಒಂದು ಫೋಟೋ ಹಿಡಿಯುತ್ತದೆ. ಇವು ಬದಲಾವಣೆಯನ್ನೇ ಮೂಲ ವಸ್ತು ಅಂತ ಇಟ್ಟುಕೊಳ್ಳುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬದಲಾವಣೆಗಳನ್ನು ಯಾವ ಕ್ರಮದಲ್ಲಿ ಸೇರಿಸಿದರೂ ಒಂದೇ ಫಲ. ಗಣಿತದವರಿಗೆ ಇಷ್ಟವಾಗುವ ಅಂದ. ಫಾಸಿಲ್ ಅಂತ ಇನ್ನೊಂದಿದೆ, ಎಸ್‌ಕ್ಯೂಲೈಟ್ ಡೇಟಾಬೇಸ್ ಮಾಡಿದ ರಿಚರ್ಡ್ ಹಿಪ್ ಅವರದ್ದು. ಕೋಡ್, ಬಗ್‌ಗಳ ಪಟ್ಟಿ, ವಿಕಿ ಎಲ್ಲ ಒಂದೇ ಡೇಟಾಬೇಸ್ ಫೈಲ್‌ನಲ್ಲಿ. ಎಸ್‌ಕ್ಯೂಲೈಟ್ ಕೆಲಸ ನಡೆಯುವುದು ಅದರಲ್ಲೇ. ಅವರ ಸಣ್ಣ ಟೀಮಿಗೆ ಅದು ಹೇಳಿ ಮಾಡಿಸಿದಂತಿದೆ. ಆದರೆ ಇವರೆಲ್ಲ ನಮ್ಮ ಹತ್ತಿರ ಕೇಳುವುದು ಒಂದೇ: ನಿಮ್ಮ ಹಳೇ ಚರಿತ್ರೆ, ಸರ್ವರ್, ಟೆಸ್ಟ್ ಓಡಿಸುವ ವ್ಯವಸ್ಥೆ, ಎಡಿಟರ್, ಜೊತೆಗಾರರು, ಎಲ್ಲವನ್ನೂ ಬಿಟ್ಟು ಬನ್ನಿ. ಒಂದು ಕಮಾಂಡಿನ ಹೆಸರು ಚೆನ್ನಾಗಿದೆ ಅಂತ ಯಾರು ಮನೆ ಖಾಲಿ ಮಾಡುತ್ತಾರೆ?

ರಿಪೇರಿ ಪಕ್ಷದವರಿಗೂ ಹೇಳಿಕೊಳ್ಳಲು ಸಾಕಷ್ಟಿದೆ. ಗಿಟ್ ದೊಡ್ಡ ರೆಪೊ ತಡೆಯುವುದಿಲ್ಲ ಅನ್ನುವ ಮಾತು ಒಂದು ಕಾಲದಲ್ಲಿ ನಿಜವಿತ್ತು. ಮೈಕ್ರೋಸಾಫ್ಟ್ 2017ರಲ್ಲಿ ವಿಂಡೋಸ್ ಕೋಡನ್ನು ಗಿಟ್‌ಗೆ ತಂದಾಗ ಅದು ಸುಮಾರು 35 ಲಕ್ಷ ಫೈಲ್, 300 ಜಿಬಿ. ಮಾಮೂಲಿ ಗಿಟ್‌ನಲ್ಲಿ ಕ್ಲೋನ್ ಮಾಡಲು, ಅಂದರೆ ಪೂರ್ತಿ ಪ್ರತಿ ಇಳಿಸಿಕೊಳ್ಳಲು 12 ಗಂಟೆ ಮೀರುತ್ತಿತ್ತು. ಅವರು ಬೇಕಾದ ಫೈಲ್ ಬೇಕಾದಾಗ ಮಾತ್ರ ತರುವ ಉಪಾಯ ಮಾಡಿದರು. ಆ ಅನುಭವ ನಿಧಾನಕ್ಕೆ ಗಿಟ್‌ನ ಒಳಗೇ ಇಳಿಯಿತು. ಅರ್ಧ ಕ್ಲೋನ್, ಬೇಕಾದ ಫೋಲ್ಡರ್ ಮಾತ್ರ ಚೆಕ್‌ಔಟ್, 2022ರಲ್ಲಿ ದೊಡ್ಡ ರೆಪೊಗಳಿಗೆಂದೇ ಸ್ಕೇಲರ್ ಅನ್ನುವ ಟೂಲ್. 2021ರಲ್ಲಿ ಮರ್ಜ್ ಮಾಡುವ ಯಂತ್ರವನ್ನೇ ಹೊಸದಾಗಿ ಬರೆದು ಕೂರಿಸಿದರು. ಎಷ್ಟೋ ಜನರಿಗೆ ಅದು ಬದಲಾಗಿದ್ದೇ ಗೊತ್ತಾಗಲಿಲ್ಲ. ಒಳ್ಳೆಯ ರಿಪೇರಿ ಅಂದರೆ ಹಾಗಿರಬೇಕು.

ಆದರೆ ರಿಪೇರಿ ಎಷ್ಟು ನಿಧಾನ ಅನ್ನುವುದಕ್ಕೂ ಕಥೆ ಇದೆ. 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆಯವರು ಸೇರಿ, ಒಳಗಿರುವುದು ಬೇರೆ ಬೇರೆ ಆದರೂ ಶಾ-1 ಅನ್ನುವ ವಿಧಾನದ ಹ್ಯಾಶ್ ಒಂದೇ ಬರುವ ಎರಡು ಪಿಡಿಎಫ್ ಮಾಡಿ ತೋರಿಸಿದರು. ಗಿಟ್‌ನ ಉಗ್ರಾಣ ನಿಂತಿರುವುದೇ ಶಾ-1 ಮೇಲೆ. (ಆ ಎರಡು ಪಿಡಿಎಫ್ ಹಾಕಿದ್ದಕ್ಕೆ ಮೊದಲು ಕೆಟ್ಟು ನಿಂತದ್ದು ಮಾತ್ರ ವೆಬ್‌ಕಿಟ್ ಬ್ರೌಸರ್ ಎಂಜಿನ್‌ನ ರೆಪೊ, ಅದು ಇದ್ದದ್ದು ಸಬ್‌ವರ್ಷನ್ ಅನ್ನುವ ಬೇರೆ ಟೂಲ್‌ನಲ್ಲಿ. ಗಿಟ್ ಹ್ಯಾಶ್ ಮಾಡುವ ಮುಂಚೆ ತನ್ನದೊಂದು ತಲೆಬರಹ ಸೇರಿಸುವುದರಿಂದ ಅವೆರಡೂ ಅಲ್ಲಿ ಬೇರೆ ಬೇರೆಯಾಗಿ ಕಂಡವು.) ಇಂಥ ದಾಳಿಯನ್ನು ಗುರುತಿಸುವ ಶಾ-1 ಅದೇ ವರ್ಷ ಗಿಟ್‌ಗೆ ಬಂತು. ಇನ್ನೂ ಗಟ್ಟಿಯಾದ ಶಾ-256 ಬಳಸುವ ದಾರಿ 2020ರಲ್ಲಿ ಗಿಟ್ 2.29ರ ಜೊತೆ ಬಂತು. ಹೊಸ ರೆಪೊಗಳಿಗೆ ಅದೇ ಡೀಫಾಲ್ಟ್ ಆಗುವುದನ್ನು 3.0 ಆವೃತ್ತಿಗೆ ಇಟ್ಟುಕೊಂಡಿದ್ದಾರೆ. ಯಾರ ಸೋಮಾರಿತನವೂ ಅಲ್ಲ. ಲೋಕವೆಲ್ಲ ಒರಗಿಕೊಂಡ ಗೋಡೆಯ ಇಟ್ಟಿಗೆ ಬದಲಿಸುವುದು ಹೀಗೇ, ಒಂದೊಂದಾಗಿ.

ಈ ಎರಡು ಪಕ್ಷಗಳ ನಡುವೆ ನನಗೆ ಸಿಕ್ಕಿದ್ದು ಜುಜುತ್ಸು ಅನ್ನುವ ಟೂಲ್. ಗೂಗಲ್‌ನಲ್ಲಿದ್ದ ಮಾರ್ಟಿನ್ ಫಾನ್ ಜ್ವೈಗ್‌ಬರ್ಗ್ 2019ರಲ್ಲಿ ಶುರು ಮಾಡಿದ್ದು, ಎಲ್ಲರೂ ಕರೆಯುವುದು ಜೆಜೆ ಅಂತ. ಇದು ಉಗ್ರಾಣ ಮುಟ್ಟುವುದಿಲ್ಲ. ಇರುವ ಗಿಟ್ ರೆಪೊ ಮೇಲೆಯೇ ಕೂರುತ್ತದೆ. ನಾನು ಜೆಜೆಯಲ್ಲಿ ಕೆಲಸ ಮಾಡಿ ಸರ್ವರ್‌ಗೆ ಪುಷ್ ಮಾಡಿದರೆ ಆ ಕಡೆ ಬರುವುದು ಮಾಮೂಲಿ ಗಿಟ್ ಕಮಿಟ್. ಜೊತೆಯವರಿಗೆ ಗೊತ್ತೂ ಆಗುವುದಿಲ್ಲ. ಎರಡು ತಿಂಗಳು ಯಾರಿಗೂ ಹೇಳದೆ ಬಳಸಿದೆ, ಒಬ್ಬರೂ ಏನೂ ಕೇಳಲಿಲ್ಲ. ಕಾಜಿಟೊ ಕಾಲದ ಲೆಕ್ಕ ಹೀಗೆ ಸುತ್ತಿ ಬಂತು ನೋಡಿ, ಪೈಪು ಹಳೇದು, ಕಮೋಡು ಹೊಸದು.

ಮೊದಲ ವಾರ ಬೇಕಂತಲೇ ಒಂದು ರೆಪೊದಲ್ಲಿ ಹಳೇ ತಪ್ಪನ್ನೇ ಮಾಡಿದೆ. ಐದಾರು ಫೈಲ್ ತಿದ್ದಿದೆ, ಕಮಿಟ್ ಗಿಮಿಟ್ ಏನೂ ಮಾಡಲಿಲ್ಲ. ಆಮೇಲೆ ಎಲ್ಲವನ್ನೂ ಎಸೆಯುವ ಕಮಾಂಡ್ ಕೊಟ್ಟೆ. ಫೈಲ್‌ಗಳು ಹಳೆಯ ಸ್ಥಿತಿಗೆ ಹೋದವು. ಹೊಟ್ಟೆಯಲ್ಲಿ ಸಣ್ಣಗೆ ಕಲಕಿತು, ಅಭ್ಯಾಸ ಬಲ. ಜೆಜೆ ಅನ್‌ಡೂ ಅಂತ ಟೈಪ್ ಮಾಡಿದೆ. ಎಲ್ಲ ವಾಪಸ್ ಬಂತು, ಒಂದು ಸಾಲೂ ಹೆಚ್ಚುಕಮ್ಮಿ ಇಲ್ಲ. ಯಾಕೆಂದರೆ ಇದರಲ್ಲಿ 'ಇನ್ನೂ ಕಮಿಟ್ ಆಗಿಲ್ಲ' ಅನ್ನುವ ಸ್ಥಿತಿಯೇ ಇಲ್ಲ. ನಾವು ಕೆಲಸ ಮಾಡುವ ಫೋಲ್ಡರೇ ಒಂದು ಕಮಿಟ್. ಯಾವ ಜೆಜೆ ಕಮಾಂಡ್ ಕೊಟ್ಟರೂ ಮೊದಲು ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಂಡು ಮುಂದೆ ಹೋಗುತ್ತದೆ. ನಾವು ಮಾಡಿದ ಪ್ರತಿ ಕೆಲಸಕ್ಕೂ ಒಂದು ದಿನಚರಿ ಇರುತ್ತದೆ, ಅದರಲ್ಲಿ ಹಿಂದೆ ಹೋಗಬಹುದು. ರೀಬೇಸ್ ನಡುವೆ ಕಾನ್‌ಫ್ಲಿಕ್ಟ್ ಬಂದರೂ ಅಲ್ಲೇ ಹಿಡಿದು ನಿಲ್ಲಿಸುವುದಿಲ್ಲ. ಕಾನ್‌ಫ್ಲಿಕ್ಟ್ ಅನ್ನೂ ಕಮಿಟ್‌ನಲ್ಲಿ ಬರೆದುಕೊಂಡು ಕೆಲಸ ಮುಗಿಸುತ್ತದೆ, ನಾವು ಪುರುಸೊತ್ತಾದಾಗ ಬಿಡಿಸಿಕೊಳ್ಳಬಹುದು. ಅನ್‌ಡೂ ಇರುವುದು ಒಂದು ಸವಲತ್ತು ಅಂತ ನಾನು ಅಂದುಕೊಂಡಿದ್ದೆ. ಬಳಸಿದ ಮೇಲೆ ನಾನು ರೀಬೇಸ್ ಮಾಡುವ ರೀತಿಯೇ ಬದಲಾಯಿತು. ಮೊದಲು ವಾರಕ್ಕೊಮ್ಮೆ ಉಸಿರು ಬಿಗಿಹಿಡಿದು ಮಾಡುತ್ತಿದ್ದೆ. ಈಗ ಚಹಾ ಕುಡಿಯುತ್ತಾ ಮಾಡುತ್ತೇನೆ, ಸರಿಬರದಿದ್ದರೆ ಹಿಂದೆ ಹೋಗುತ್ತೇನೆ.

ಇದರಲ್ಲೂ ತೂತುಗಳಿವೆ. ನಾನು ಬಳಸಿದಾಗ ಗಿಟ್‌ನ ಹುಕ್‌ಗಳು (ಕಮಿಟ್‌ನಂಥ ಹೊತ್ತಿಗೆ ತಾವಾಗಿ ಓಡುವ ಸ್ಕ್ರಿಪ್ಟ್‌ಗಳು) ಓಡುತ್ತಿರಲಿಲ್ಲ, ಸಬ್‌ಮಾಡ್ಯೂಲ್ (ರೆಪೊ ಒಳಗೆ ಇನ್ನೊಂದು ರೆಪೊ) ಇರುವ ರೆಪೊದಲ್ಲಿ ಗಿಟ್‌ಗೇ ಮರಳಬೇಕಿತ್ತು. ಮೇಲಿನ ಪದರ ಎಷ್ಟೇ ಚೆನ್ನಾಗಿದ್ದರೂ ಒಮ್ಮೊಮ್ಮೆ ಕೆಳಗಿನ ಪೈಪು ಕಂಡೇ ಕಾಣುತ್ತದೆ, ಆಗ ಎರಡೂ ಗೊತ್ತಿರಬೇಕು. ಸ್ಟೇಜಿಂಗ್, ಅಂದರೆ ಕಮಿಟ್‌ಗೆ ಮುಂಚೆ ಬೇಕಾದ್ದನ್ನು ಆರಿಸಿಡುವ ಹೆಜ್ಜೆ, ಇಲ್ಲದ್ದು ನನಗೆ ಇವತ್ತಿಗೂ ಸ್ವಲ್ಪ ಖಾಲಿ ಅನಿಸುತ್ತದೆ. ಸ್ಟೇಜಿಂಗ್ ಅಂದರೆ ಬೈಯುವವರೇ ಜಾಸ್ತಿ, ಆದರೆ ಬದಲಾವಣೆಗಳನ್ನು ತುಂಡು ತುಂಡಾಗಿ ನೋಡಿ ಇದು ಇರಲಿ, ಇದು ಬೇಡ ಅಂತ ಆರಿಸುವ ಸುಖ ನನಗೆ ಇಷ್ಟ. ಜೆಜೆಯಲ್ಲಿ ಆಮೇಲೆ ಕಮಿಟ್ ಒಡೆಯಬಹುದು. ಫಲ ಒಂದೇ, ರುಚಿ ಬೇರೆ.

ಉಗ್ರಾಣವೇ ತಪ್ಪಾಗಿರುವ ಜಾಗಗಳೂ ಇವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗೇಮ್ ಮಾಡುವವರು, ವಿಡಿಯೋ, ಮೂರು ಆಯಾಮದ ಮಾಡೆಲ್‌ಗಳ ಜೊತೆ ಕೆಲಸ ಮಾಡುವವರು ಇದ್ದಾರೆ. ಒಂದೊಂದು ಫೈಲ್ ಜಿಬಿಗಟ್ಟಲೆ ಇರುತ್ತದೆ. ಇಬ್ಬರು ತಿದ್ದಿದ್ದನ್ನು ಸೇರಿಸಲು ಆಗುವುದಿಲ್ಲ, ಒಬ್ಬರು ತಿದ್ದುವಾಗ ಇನ್ನೊಬ್ಬರು ಮುಟ್ಟದಂತೆ ಬೀಗ ಹಾಕಬೇಕು. ಪೂರ್ತಿ ಚರಿತ್ರೆ ಎಲ್ಲರ ಹತ್ತಿರವೂ ಇರಲಿ ಅನ್ನುವ ಗಿಟ್‌ನ ಧಾರಾಳತನ ಅಲ್ಲಿ ಹೊರೆ. ಅವರಲ್ಲಿ ತುಂಬಾ ಜನ ಪರ್ಫೋರ್ಸ್ ಅನ್ನುವ ಟೂಲ್‌ನಲ್ಲೇ ಉಳಿದಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ. ಅವರಿಗೆ ಬೇಕಾದದ್ದು ಬೇರೆ ಉಗ್ರಾಣ, ಬಣ್ಣ ಹಚ್ಚಿದ ಕೌಂಟರ್ ಅಲ್ಲ.

ಗಿಟ್ ಕಟ್ಟುವವರ ಹತ್ತಿರ ಒಂದೇ ಒಂದು ಕೇಳಬಹುದು ಅಂದರೆ ನಾನು ಜೆಜೆಯಲ್ಲಿರುವ ಆ ದಿನಚರಿ ಕೇಳುತ್ತೇನೆ. ರೆಫ್‌ಲಾಗ್ ಇದೆಯಲ್ಲ ಅನ್ನುತ್ತಾರೆ. ಇದೆ. ಬ್ರಾಂಚಿನ ತುದಿ ಎಲ್ಲಿಂದ ಎಲ್ಲಿಗೆ ಸರಿಯಿತು ಅನ್ನುವುದನ್ನು ಅದು ಬರೆದಿಡುತ್ತದೆ. ಆದರೆ ನಾನು ಮಾಡಿದ್ದು ಒಂದು ಕೆಲಸ, ಅದು ಬರೆಯುವುದು ಹತ್ತು ಸಾಲು, ಅದೂ ಬ್ರಾಂಚಿಗೊಂದು ಬೇರೆ ಬೇರೆ ಪುಸ್ತಕದಲ್ಲಿ. ಕಮಿಟ್ ಆಗದ ಕೆಲಸದ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಉಗ್ರಾಣದಲ್ಲಿ ಜಾಗ ಇದೆ, ಸಾಮಾನು ಇದೆ, ಲೆಕ್ಕ ಬರೆಯುವವರು ಮಾತ್ರ ಬೇಕು.

ಆ ಹುಡುಗಿಗೂ ಜೆಜೆ ಬಗ್ಗೆ ಹೇಳಿದ್ದೆ. ಎರಡು ವಾರದ ಮೇಲೆ ಬಂದು, "ಚೆನ್ನಾಗಿದೆ ಸರ್, ಅನ್‌ಡೂ ಮಾಡಿ ನೋಡಿದೆ," ಅಂದಳು. ಖುಷಿಯಾಯಿತು. ಇನ್ನು ಬ್ಯಾಕಪ್ ಫೋಲ್ಡರ್‌ಗಳನ್ನೆಲ್ಲ ಅಳಿಸಬಹುದಲ್ಲ ಅಂದೆ.

"ಈಗಲೇ ಹೇಗೆ ಸರ್? ಜೆಜೆ ಹಾಕಿರೋದೇ ಬ್ಯಾಕಪ್-3ರಲ್ಲಿ."